ಬೆಲೆಯಿಲ್ಲದ ಸೊನ್ನೆ

ಎರಡೂ ಕಲ್ಲುಗಳ ಮೇಲೆ ಒಂದೇ ನಂಬರು: 12.1. ಒಂದರ ಮೇಲೆ ನಿಶಾತ, ಇನ್ನೊಂದರ ಮೇಲೆ ನಜ್ಮಾ.

ಗೌಂಡಿ ಹುಲಗೇಶ ಕಲಸಿದ ಸಿಮೆಂಟಿನ ಪಕ್ಕ ಕೂತು ತಲೆ ಕೆರೆದುಕೊಂಡ. "ಭಾಯಿ, ಹನ್ನೆರಡನೇ ಸಾಲಿನ ಒಂದನೇ ಗೋರಿಗೆ ಎರಡು ಕಲ್ಲು ಬಂದಾವ್ರಿ. ಹತ್ತನೇದಕ್ಕ ಕಲ್ಲೇ ಇಲ್ಲ. ಯಾವುದು ಎಲ್ಲಿ ಕೂಡಸ್ಲಿ?"

ಜುಲ್ಫಿಕಾರನಿಗೆ ನೋಡಿದ ಕೂಡಲೇ ತಿಳಿಯಿತು. ತಿಳಿದು ಬಂದ ಭಾಗ್ಯವೇನು?

ದೇಶಪಾಂಡೆ ನಗರದ ಆಫೀಸಿನಲ್ಲಿ ಕಂಪ್ಯೂಟರಿಗೆ ಕೋಡು ಬರೆಯುವ ಹುಡುಗ ಅಂತ ಹಿರಿಯರು ಖಬರಸ್ತಾನದ ಕೆಲಸ ಅವನಿಗೇ ಹಚ್ಚಿದ್ದರು. ತುಕ್ಕು ಹಿಡಿದ ತಗಡಿನ ಪಟ್ಟಿಗಳನ್ನು ಕಿತ್ತು ಹೆಸರಿನ ಕಲ್ಲು ಹಾಕಿಸಬೇಕಿತ್ತು. ಪಟ್ಟಿಗಳ ಮೇಲೆ ಇದ್ದದ್ದು ನಂಬರಷ್ಟೇ: ಮೊದಲು ಸಾಲು, ನಡುವೆ ಚುಕ್ಕಿ, ಆಮೇಲೆ ಗೋರಿ. ಹೆಸರುಗಳೆಲ್ಲ ಮುದುಕ ಕಾವಲುಗಾರ ಮಕ್ತುಮಸಾಬರ ತಲೆಯಲ್ಲಿದ್ದವು. ಅವರು ಹೇಳಿದ್ದನ್ನು ಜುಲ್ಫಿಕಾರ ಮೊಬೈಲಿನಲ್ಲಿ ಬರೆದುಕೊಂಡ, ತನ್ನ ಕೋಡಿನಿಂದ ಎಕ್ಸೆಲ್ ಶೀಟಿಗೆ ಇಳಿಸಿದ, ಮೊಬೈಲಿನದನ್ನು ಅಳಿಸಿದ. ಪಟ್ಟಿಗಳು ಗುಜರಿಗೆ ಹೋದವು.

ಆ ಕೋಡಿನಲ್ಲಿ ಗೋರಿಯ ನಂಬರನ್ನು ಅಕ್ಷರವೆಂದು ಬರೆಸಬೇಕಿತ್ತು. ಅವನು ಸಂಖ್ಯೆಯೆಂದು ಬರೆಸಿದ್ದ. ಚುಕ್ಕಿಯ ಬಲಕ್ಕೆ ಕೊನೆಯ ಸೊನ್ನೆಗೆ ಬೆಲೆಯಿಲ್ಲ ಎಂದು ಮಾಸ್ತರರು ಕಲಿಸಿದ್ದನ್ನು ಯಂತ್ರವೂ ಕಲಿತಿತ್ತು. 12.10 ಹೋಗಿ 12.1 ಆಯಿತು. ಸಾಲದ್ದಕ್ಕೆ ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿದ್ದರಿಂದ ಯಾರು ಮೊದಲು, ಯಾರು ಆಮೇಲೆ ಎಂಬ ಸುಳಿವೂ ಉಳಿಯಲಿಲ್ಲ. ಹತ್ತರವರೆಗೆ ಬೆಳೆದ ಸಾಲು ಅದೊಂದೇ, ಮಕ್ಕಳ ಸಾಲು.

ನಜ್ಮಾಳ ಮನೆಯವರು ಎಂದೋ ಊರು ಬಿಟ್ಟಿದ್ದರು. ಪಟ್ಟಿಗಳ ಗುರುತಿಲ್ಲದೆ ಗೊಂದಲಕ್ಕೆ ಬಿದ್ದ ಮಕ್ತುಮಸಾಬರು, "ನಿಶಾತಂದು ಮೊದಲನೇದು, ಖರೇ" ಎಂದರು. ಚಹಾ ಕುಡಿದು ಲೋಟ ಕೆಳಗಿಟ್ಟು, "ಹತ್ತನೇದು ಇರಬೇಕಪಾ" ಎಂದರು. ಮೂರನೇ ಸಲ ಕೇಳಲು ಜುಲ್ಫಿಕಾರನಿಗೆ ಧೈರ್ಯವಾಗಲಿಲ್ಲ.

ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ನಿಶಾತಳ ತಾಯಿ ಮೀರಾಬಿ ಹೂವಿನ ಪೊಟ್ಟಣ ಕಟ್ಟಿಕೊಂಡು ಬಾಗಿಲಲ್ಲೇ ಕಾದಿದ್ದಳು. ಅವರ ಮನೆತನದಲ್ಲಿ ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿಯಿಲ್ಲ. ಮಗಳ ಗೋರಿಗೆ ಹೂ ಹಾಕಿ ಬರುತ್ತಿದ್ದವನು ಗಂಡ ಕಾಸಿಮಸಾಬ. ಈ ಚಳಿಗಾಲದಲ್ಲಿ ಅವನೂ ಹೋದ, ಗುರುತೂ ಅವನ ಜೊತೆಗೇ ಹೋಯಿತು.

"ಕಲ್ಲು ಕುಂತಿತೇನಪಾ?"

"ಇಲ್ಲ ಖಾಲಾ. ನನ್ನ ಕಡಿಂದ ತಪ್ಪಾಗೇತ್ರಿ. ಎರಡು ಗೋರಿ ಅದಾವ. ನಿಶಾತಂದು ಯಾವುದಂತ ಗೊತ್ತಾಗವಲ್ದು. ಕಾಸಿಮ ಖಾಲು ಏನರ ಹೇಳಿದ್ರೇನ್ರಿ?"

ಮೀರಾಬಿ ಹೊಸ್ತಿಲ ಮೇಲೆ ಕೂತಳು. "ಹನ್ನೆರಡನೇ ಸಾಲು ಅಂತಿದ್ರು. ಅವರಿಗೆ ಕಣ್ಣು ಮುಚ್ಚಿದ್ರೂ ಕಾಲು ಅಲ್ಲಿಗೇ ಒಯ್ತಿದ್ದುವು. ನಾ ಮುಂದಿನ ನಂಬರು ಕೇಳಲೇ ಇಲ್ಲ." ತಲೆಯೆತ್ತಿ ಕೇಳಿದಳು: "ಕಂಪ್ಯೂಟರಿನ್ಯಾಗ ಹಾಕಿದ್ದು ಎಲ್ಲಾ ಇರ್ತೈತಂತಲ್ಲೋ?"

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಟ್ಟೆಯ ಮೇಲೆ ಕೂತು ಚೀಲದಿಂದ ಲ್ಯಾಪ್‌ಟಾಪು ತೆಗೆದ. ಮೀರಾಬಿ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಪಕ್ಕಕ್ಕೆ ಸರಿದು ಕೂತಳು.

ಮೊಬೈಲು ಬಡಿದುಕೊಂಡಿತು. ಹುಲಗೇಶ. "ಭಾಯಿ, ಕಲಸಿದ್ದು ಗಟ್ಟಿ ಆಗಾಕತ್ತೇತ್ರಿ. ಲಗೂ ಹೇಳ್ರಿ."

ಜುಲ್ಫಿಕಾರ ಶೀಟಿನ ನಂಬರಿನ ಕಾಲಮ್ಮನ್ನು ಅಕ್ಷರಕ್ಕೆ ಬದಲಿಸಿ, ಕೊನೆಗೆ ಹೊಸದಾಗಿ 12.10 ಎಂದು ಬರೆದ. ಈ ಸಲ ಸೊನ್ನೆ ಹಾಗೇ ನಿಂತಿತು.

"ಇಲ್ಲಿ ಅದಾಳೇನು?" ಮೀರಾಬಿ ಪರದೆಯ ಮೇಲೆ ಬೆರಳಿಟ್ಟಳು. ಬೆರಳಿನ ಕೆಳಗೆ, 12.10ರ ಪಕ್ಕದ ಹೆಸರಿನ ಖಾನೆ ಖಾಲಿಯಿತ್ತು.