ಅಮ್ಮ ಹೇಳಿದ್ದ ‘ಅಳಿಸಬೇಡ’

ಬೇಸಿಗೆ ಇನ್ನೂ ಕಾಲು ಚಾಚಿಕೊಂಡು ಕೂತಿದ್ದ ದಿನಗಳು. ಊಟ ಮುಗಿದು, ಬೀದಿ ನಾಯಿಗಳೂ ನೆರಳು ಹುಡುಕಿಕೊಂಡು ಮಲಗುವ ಹೊತ್ತು. ಅಕ್ಕ ಹಳೆಯ ಕ್ಯಾಮೆರಾವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ತಮ್ಮನ ಮನೆಯ ಮೆಟ್ಟಿಲು ಹತ್ತಿದಳು. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಶುರುವಾದದ್ದು ಹಾಗೆ. ಬಾಗಿಲು ತೆಗೆದ ತಮ್ಮನ ಹೆಂಡತಿ ಬನ್ನಿ ಅನ್ನಲಿಲ್ಲ. ಚಪ್ಪಲಿ ಅಲ್ಲೇ ಬಿಡಿ ಅಂದಳು.

ತಮ್ಮನಿಗೆ ಮನೆಯವರು ಇಟ್ಟಿದ್ದ ಹೆಸರು ಡೈರೆಕ್ಟರು. ನೀರಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು, ಕೈಗೆ ಕ್ಯಾಮೆರಾ ಬಂದ ಮೇಲೆ ಮನುಷ್ಯರನ್ನು ಬರಿಗಣ್ಣಿನಿಂದ ನೋಡಿದ್ದೇ ಕಡಿಮೆ. ಯಾರಾದರೂ ಜಾರಿ ಬಿದ್ದರೆ ಅವನು ಓಡುತ್ತಿದ್ದದ್ದು ಎತ್ತುವುದಕ್ಕಲ್ಲ, ಕ್ಯಾಮೆರಾ ತರುವುದಕ್ಕೆ. ಜನ ನಕ್ಕರೆ ಅವನಿಗೆ ಅಷ್ಟೇನೂ ರುಚಿಸುತ್ತಿರಲಿಲ್ಲ. ಮುಖ ಕಿವುಚಿಕೊಂಡರೆ, ಕಣ್ಣಲ್ಲಿ ನೀರು ತಂದುಕೊಂಡರೆ, ಆಗ ಹತ್ತಿರ ಹೋಗಿ ತೆಗೆಯುತ್ತಿದ್ದ. ಹೀಗೆ ವರ್ಷಗಟ್ಟಲೆ ತೆಗೆದ ಟೇಪುಗಳು ಒಂದು ರಟ್ಟಿನ ಪೆಟ್ಟಿಗೆಯ ತುಂಬ ಇದ್ದವು. ಈಗ ನಿವೃತ್ತಿಯಾಗಿದೆ, ಹೊತ್ತು ಹೋಗುವುದಿಲ್ಲ. ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿ, ಬೇಕಾದ್ದನ್ನು ಕತ್ತರಿಸಿ ಜೋಡಿಸಿ ಒಂದು ಸಿನಿಮಾ ಮಾಡಬೇಕು, ನೆಂಟರನ್ನೆಲ್ಲ ಕರೆದು ಗೋಡೆ ತುಂಬ ತೋರಿಸಬೇಕು ಅನ್ನುವುದು ಅವನ ಆಸೆ.

ಆ ಟೇಪುಗಳು ಓಡಬೇಕಾದರೆ ಅದೇ ಜಾತಿಯ ಕ್ಯಾಮೆರಾ ಬೇಕು. ಅವನ ಹತ್ತಿರವಿದ್ದದ್ದು ಮೊದಲ ಟೇಪನ್ನೇ ನುಂಗಿ, ಜಗಿದು, ಕರುಳಿನ ಹಾಗೆ ಆಚೆ ಕಕ್ಕಿತು. ರಿಪೇರಿಯವನು ನೋಡಿ, ಇದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ ಅಂತ ಕೈಚೆಲ್ಲಿದ. ಇನ್ನುಳಿದದ್ದು ಅದಕ್ಕೂ ಹಳೆಯದು ಒಂದೇ. ಹೊಸದನ್ನು ಕೊಂಡ ವರ್ಷ, ತಿಪ್ಪೆಗೆ ಹಾಕುವ ಬದಲು ನೀನಿಟ್ಟುಕೋ ಅಂತ ನಾಲ್ಕು ಜನರ ಎದುರಿಗೆ ಅವನು ಅಕ್ಕನ ಮಡಿಲಿಗೆ ಹಾಕಿದ್ದ. ಈಗ ಅದನ್ನೇ ಕೇಳಿಕೊಂಡು ಅವಳ ಹೊಲಿಗೆ ಅಂಗಡಿಗೆ ಹೋಗಬೇಕಾಯಿತು. ಅಕ್ಕ ಕೊಡುವುದಿಲ್ಲ ಅನ್ನಲಿಲ್ಲ. ಕ್ಯಾಮೆರಾ ಒಂಟಿಯಾಗಿ ಬರುವುದಿಲ್ಲ, ಜೊತೆಗೆ ನಾನೂ ಬಂದು ಕೂರುತ್ತೇನೆ, ಸಂಜೆ ಹೋಗುವಾಗ ವಾಪಸ್ ತೆಗೆದುಕೊಂಡು ಹೋಗುತ್ತೇನೆ ಅಂದಳು. ಅವನು ಹಲ್ಲು ಕಚ್ಚಿಕೊಂಡು ಒಪ್ಪಿದ.

ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಟೇಪು. ಗಂಡನ ಮನೆ ಬಿಟ್ಟು, ಒಂದು ಸೂಟ್‌ಕೇಸ್ ಹಿಡಿದುಕೊಂಡು ಅವಳು ತವರಿಗೆ ಬಂದ ದಿನದ್ದು. ಅವತ್ತು ಬಾಗಿಲಲ್ಲಿ ಮೊದಲು ಎದುರಾದದ್ದು ಅಮ್ಮನಲ್ಲ, ಕ್ಯಾಮೆರಾ. ಅದರ ಹಿಂದಿನಿಂದ ತಮ್ಮ ವಾರ್ತೆ ಓದುವವರ ದನಿ ತೆಗೆದು, ವೀಕ್ಷಕರೇ, ಮಹಾರಾಣಿಯವರು ಅರಮನೆ ಬಿಟ್ಟು ದಯಮಾಡಿಸಿದ್ದಾರೆ ಅಂದಿದ್ದ. ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ, ಅವರೇ ಓಡಿಸಿದರೋ ನೀವೇ ಓಡಿ ಬಂದಿರೋ ಅಂತ ಒಂದರ ಮೇಲೊಂದು ಕೇಳಿದ್ದ. ಅವಳು ಹೊಸ್ತಿಲಲ್ಲೇ ಕುಸಿದು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು, ಬಾಯಿಬಿಟ್ಟು ಅತ್ತಿದ್ದಳು.

ಆಮೇಲೆ ನೆಂಟರು ಬಂದಾಗಲೆಲ್ಲ ಆ ಟೇಪು ಟೀವಿಯಲ್ಲಿ ಓಡುತ್ತಿತ್ತು. ಡೈರೆಕ್ಟರು ಪಕ್ಕದಲ್ಲಿ ನಿಂತು ಹೊಸ ಹೊಸ ಮಾತು ಸೇರಿಸುತ್ತಿದ್ದ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಕ್ಕ ಎದ್ದು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಯನ್ನೇ ಮತ್ತೆ ಕೊಡವುತ್ತ ನಿಲ್ಲುತ್ತಿದ್ದಳು. ಅದನ್ನು ಅಳಿಸಿಬಿಡೋ ಅಂತ ಅವಳು ಬೇಡಿದಾಗೆಲ್ಲ ಅವನದು ಒಂದೇ ಉತ್ತರ: ಅಳಿಸಬೇಡ ಅಂತ ಅವತ್ತೇ ಅಮ್ಮ ಹೇಳಿದ್ದಾಳೆ, ಹೆತ್ತವಳ ಮಾತು ಮೀರಲಾ?

ಈ ಉತ್ತರ ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತುಬಿಟ್ಟಿತು. ತಮ್ಮ ಹಾಗೆ, ಸರಿ. ಅಮ್ಮನಿಗೂ ನನ್ನ ಅಳು ತಮಾಷೆಯಾಯಿತೇ? ಕೇಳೋಣ ಅಂದರೆ ನಾಲಗೆ ಏಳಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ಮಾತ್ರೆ ಕೊಟ್ಟವಳು, ತಲೆ ಬಾಚಿದವಳು, ಸೆರಗು ಸರಿಮಾಡಿದವಳು ಇವಳೇ. ಆದರೆ ಮನಸ್ಸು ಬಿಚ್ಚಿ ಎರಡು ಮಾತಾಡಲಿಲ್ಲ. ಯಾಕೆ ಹೀಗಿದ್ದೀಯ ಅಂತ ಅಮ್ಮ ಕೇಳಿದರೆ ಏನಿಲ್ಲ ಅನ್ನುತ್ತಿದ್ದಳು. ಅಮ್ಮ ಆ ‘ಏನಿಲ್ಲ’ವನ್ನೇ ಹೊತ್ತುಕೊಂಡು ಹೋದಳು.

ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಕೆಲಸ ನಡೆಯಿತು. ಮೇಜು, ಕಂಪ್ಯೂಟರು, ಕ್ಯಾಮೆರಾದಿಂದ ಅದಕ್ಕೆ ಎಳೆದ ಕೇಬಲ್ಲು, ಕಿರುಗುಟ್ಟುವ ಫ್ಯಾನು. ಇದರಲ್ಲಿ ಅವಸರಕ್ಕೆ ಜಾಗವಿಲ್ಲ. ಒಂದು ಗಂಟೆಯ ಟೇಪು ಇಳಿಯಬೇಕಾದರೆ ಅದು ಒಂದು ಗಂಟೆ ಓಡಲೇಬೇಕು, ಪಕ್ಕದಲ್ಲಿ ಯಾರಾದರೂ ಕಾಯಲೇಬೇಕು. ಅಕ್ಕ ಗೋಡೆಗೊರಗಿ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದಳು. ತಮ್ಮ ಬೆನ್ನು ತೋರಿಸಿ ಕೂತಿರುತ್ತಿದ್ದ. ಆಡಿದ ಮಾತೆಲ್ಲ ಗೋಡೆಗೆ ಆಡಿದ ಹಾಗೆ. ಕೆಲವರ ಮನೆಯಲ್ಲಿ ಫ್ಯಾನಿಲ್ಲ, ಅದಕ್ಕೇ ದಿನಾ ಬರುತ್ತಾರೆ ಅಂತ ಅವನು ಅನ್ನುವನು. ಕೆಲವರಿಗೆ ಊರವರ ಕಣ್ಣೀರು ಕುಡಿಯದೆ ಬಾಯಾರಿಕೆ ಹೋಗುವುದಿಲ್ಲ ಅಂತ ಇವಳು ದಾರ ಕಚ್ಚಿ ತುಂಡರಿಸುವಳು. ಹೆಂಡತಿ ಕಾಫಿ ತಂದರೆ ಒಂದೇ ಲೋಟ.

ಅವಳ ಟೇಪು ಸಿಕ್ಕಿದ್ದು ಪೆಟ್ಟಿಗೆ ಅರ್ಧ ಖಾಲಿಯಾದ ಮೇಲೆ. ಅದನ್ನು ಎತ್ತಿಕೊಂಡಾಗ ಅವನ ಮುಖ ಅರಳಿತು. ಸಿನಿಮಾದಲ್ಲಿ ಹಾಸ್ಯದ ಭಾಗ ಇದೇ, ಎಲ್ಲರೂ ಕಾಯುತ್ತಾ ಇದ್ದಾರೆ ಅಂತ ಹೆಂಡತಿಗೆ ಕೇಳುವ ಹಾಗೆ ಹೇಳಿದ. ಅವಳು ಬಾಗಿಲ ಬಳಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

“ಇಳಿಸ್ಕೋಬೇಡ. ಇಲ್ಲೇ ಅಳಿಸಿಬಿಡು. ಇನ್ನೊಂದ್ಸಲ ಕೇಳಲ್ಲ ನಾನು.”

“ಅಮ್ಮನ್ನ ಕೇಳು,” ಅಂದ ಅವನು. “ಇದರಲ್ಲೇ ಇದಾಳೆ. ನಿನ್ನ ಕಿವಿಯಾರೆ ಕೇಳಿಸ್ಕೊಂಡು ಹೋಗು.”

ಟೇಪು ಓಡಿತು. ಬಾಗಿಲು, ಸೂಟ್‌ಕೇಸು, ತೆಳ್ಳಗಿನ ಒಬ್ಬ ಹುಡುಗಿ. ಅಕ್ಕನಿಗೆ ಮೊದಲು ಅದು ತಾನೇ ಅಂತ ಗುರುತು ಹತ್ತಲಿಲ್ಲ. ವೀಕ್ಷಕರೇ ಅನ್ನುವ ದನಿ ಶುರುವಾಯಿತು. ಅವಳು ಕಣ್ಣು ತಿರುಗಿಸಲಿಲ್ಲ, ಕಿವಿಯನ್ನೂ ಮುಚ್ಚಿಕೊಳ್ಳಲಿಲ್ಲ. ನೆಂಟರ ನಗುವಿಲ್ಲ, ಡೈರೆಕ್ಟರ ಹೊಸ ಮಾತಿಲ್ಲ. ಕಂಪ್ಯೂಟರಿಗೆ ಶಬ್ದ ಶುದ್ಧವಾಗಿ ಇಳಿಯಲಿ ಅಂತ ಅವನೇ ಫ್ಯಾನು ಆರಿಸಿದ್ದ. ಹುಡುಗಿ ಕುಸಿದು ಕೂತಳು. ಅಳುವಿನ ನಡುವೆ, ಒಳಗಿನಿಂದ, ತಟ್ಟೆಯ ಸದ್ದಿನ ಜೊತೆ ಅಮ್ಮನ ದನಿ ಬಂತು. ಕೊನೆಯ ಮಾತು ಸ್ಪಷ್ಟವಾಗಿತ್ತು: ಅಳಿಸಬೇಡ.

“ಕೇಳ್ತಾ? ಇಷ್ಟು ವರ್ಷ ನಾನು ಸುಳ್ಳು ಹೇಳ್ತಿದೀನಿ ಅಂದ್ಕೊಂಡಿದ್ದೆ ಅಲ್ವಾ?”

ಅದಕ್ಕೆ ಮಾತಾಡಿದವಳು ಬಾಗಿಲಲ್ಲಿದ್ದ ಹೆಂಡತಿ, ಅದೂ ಬಟ್ಟೆಯಿಂದ ತಲೆ ಎತ್ತದೆ. “ರೀ, ಅದರ ಮುಂಚೆ ಏನೋ ಅಂದ್ರು. ಸ್ವಲ್ಪ ಹಿಂದಕ್ಕೆ ಹೋಗಿ.”

ಅವನು ಗೆದ್ದ ಗತ್ತಿನಲ್ಲೇ ಹಿಂದಕ್ಕೆ ಹೋದ, ಶಬ್ದ ಏರಿಸಿದ. ಈ ಸಲ ಮೂವರೂ ಉಸಿರು ಹಿಡಿದು ಕೇಳಿದರು.

“ಸಾಕು ನಿಲ್ಸೋ ಅದನ್ನ. ಮೊದಲೇ ನೊಂದ್ಕೊಂಡು ಬಂದಿದಾಳೆ. ಅವಳನ್ನ ಅಳಿಸಬೇಡ.”

ಅಮ್ಮನಿಗೆ ಟೇಪಿನ ಮೇಲಿದ್ದದ್ದು ಅಳಿಸಿಹೋಗುತ್ತದೆ ಅಂತ ಗೊತ್ತಾದರೂ ಇತ್ತೇ? ಸ್ಲೇಟನ್ನು ಕೂಡ ಒರೆಸು ಅನ್ನುತ್ತಿದ್ದವಳು ಅವಳು. ಒಂದು ಮಾತಿಗೆ ಎರಡು ಅರ್ಥ. ಕ್ಯಾಮೆರಾ ಹಿಡಿದವನು ತನಗೆ ಬೇಕಾದ್ದನ್ನು ಹಿಡಿದುಕೊಂಡಿದ್ದ. ಆ ಇನ್ನೊಂದು ಅರ್ಥ ಅಷ್ಟು ವರ್ಷವೂ ಟೇಪಿನೊಳಗೇ ಸುತ್ತಿಕೊಂಡು ಬಿದ್ದಿತ್ತು. ಹಾಸಿಗೆಯಿಂದ ಯಾಕೆ ಹೀಗಿದ್ದೀಯ ಅಂತ ನೋಡುತ್ತಿದ್ದ ಅಮ್ಮನ ಕಣ್ಣು ಅಕ್ಕನ ಎದುರಿಗೆ ಬಂತು. ಅಳು ಬರಲಿಲ್ಲ. ಬಂದದ್ದು ಸಿಟ್ಟು.

ಡೈರೆಕ್ಟರ ಕಿವಿಯ ತುದಿ ಕೆಂಪಾಗಿತ್ತು. ಅವನು ಟೇಪು ನಿಲ್ಲಿಸಿ, ಉದಾರಿಯ ದನಿ ತೆಗೆದ.

“ಹೋಗ್ಲಿ ಬಿಡು. ಅಳಿಸಿಬಿಡ್ತೀನಿ. ನೀನು ಕೇಳಿದ್ದೂ ಅದೇ ತಾನೆ?”

“ಬೇಡ.”

“ಯಾಕೆ? ಈಗ ಏನಾಯ್ತು?”

“ನಾನು ಅತ್ತಿದ್ದು ಇರ್ಲಿ, ನೀನು ಕುಣಿದಿದ್ದೂ ಇರ್ಲಿ. ಅಮ್ಮ ನನ್ನ ಪರವಾಗಿ ಆಡಿದ ಮಾತು ಇದೊಂದರಲ್ಲೇ ಇರೋದು.”

ಅವನಿಗೆ ಅದು ಬೇಡವಾಗಿತ್ತು. ನಾಳೆ ನೆಂಟರಲ್ಲಿ ಯಾರಾದರೂ ಕೇಳಿಸಿಕೊಂಡರೆ ಇಷ್ಟು ವರ್ಷದ ತಮಾಷೆ ಅವನ ತಲೆಯ ಮೇಲೇ ಬೀಳುತ್ತದೆ. ಟೇಪು ನಂದು, ಇಟ್ಟುಕೊಳ್ಳುವುದೋ ಬಿಡುವುದೋ ನನಗೆ ಬಿಟ್ಟದ್ದು ಅಂತ ಗೊಣಗುತ್ತ, ಅದರಿಂದ ಕಂಪ್ಯೂಟರಿಗೆ ಇಳಿದಷ್ಟನ್ನೂ ಅವಳ ಕಣ್ಣೆದುರಿಗೇ ತೆಗೆದುಹಾಕಿದ. ಇನ್ನು ಟೇಪಿನ ಮೇಲೆ ಬೇರೇನಾದರೂ ತುಂಬಿಸಿದರಾಯಿತು ಅಂತ ಕ್ಯಾಮೆರಾದ ಕಡೆ ಕೈ ಚಾಚಿದ. ಅಷ್ಟರಲ್ಲಿ ಅಕ್ಕ ಅದರ ಗುಂಡಿ ಒತ್ತಿಯಾಗಿತ್ತು. ಕ್ಯಾಮೆರಾ ತನ್ನ ಪಾಡಿಗೆ ಗುರ್ರೆಂದು ಬಾಯಿ ತೆರೆಯಿತು. ಇಬ್ಬರೂ ಆ ನಿಧಾನಕ್ಕೆ ಕಾಯಬೇಕಾಯಿತು, ಒಬ್ಬರ ಮುಖ ಒಬ್ಬರು ನೋಡಿಕೊಂಡು. ಟೇಪು ಮೇಲೆ ಬಂದಾಗ ಹಿಡಿದ ಕೈ ಅವಳದಾಯಿತು. ಅವನು ಮಣಿಕಟ್ಟು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

“ತೆಗಿ,” ಅಂದಳು. “ಇನ್ನೊಂದು ಕೈಯಲ್ಲಿ ಕ್ಯಾಮೆರಾ ಹಿಡ್ಕೊಂಡು ಇದನ್ನೂ ತೆಗಿ.”

ಅವನು ಕೈ ಬಿಟ್ಟ. ಅವಳು ಕೇಬಲ್ಲು ಕಿತ್ತು, ಕ್ಯಾಮೆರಾವನ್ನೂ ಟೇಪನ್ನೂ ತೆಗೆದುಕೊಂಡಳು. ಪೆಟ್ಟಿಗೆಯ ಇನ್ನರ್ಧ ಹಾಗೇ ಇದೆ, ಅವನ್ನೆಲ್ಲ ಯಾವುದರಲ್ಲಿ ಓಡಿಸಲಿ, ನೆಂಟರನ್ನೆಲ್ಲ ಕರೆದಾಗಿದೆ ಅಂತ ಅವನು ಮೆಟ್ಟಿಲ ತಲೆಯಿಂದ ಕೂಗಿದ. ನೀನು ಯಾವತ್ತೂ ಮನೆಮುರುಕಿಯೇ ಅಂದ. ಹೆಂಡತಿ ಗಂಡನ ಪರವೇ ನಿಂತಳು. ಅತ್ತೆಯ ಮಾತನ್ನು ಮೊದಲು ಕಿವಿಗೆ ಹಾಕಿಕೊಂಡವಳು ತಾನೇ ಆದರೂ, ಬಾಗಿಲು ಹಾಕುವಾಗ, ನಿಮ್ಮಿಂದ ಈ ಮನೆಯ ನೆಮ್ಮದಿ ಹಾಳಾಯಿತು, ಇನ್ನು ಬರಬೇಡಿ ಅಂದಳು. ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. ಬರುವುದಿಲ್ಲ ಅಂತ ಹೇಳುವುದಕ್ಕೂ ತಿರುಗಲಿಲ್ಲ.

ಬೀದಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಅಕ್ಕ ಟೇಪು, ಕ್ಯಾಮೆರಾ ಎರಡನ್ನೂ ಬಟ್ಟೆಯ ಚೀಲದಲ್ಲಿಟ್ಟುಕೊಂಡು ತನ್ನ ಅಂಗಡಿಯ ಕಡೆ ನಡೆದಳು.