ಒಬ್ಬನಿಗೇ ಅಂಟಿಕೊಂಡವನು

ಒರೆಸುವ ಬಟ್ಟೆ ನಾರುತ್ತಿದೆ, ನಿನ್ನೆಯ ಮೀನು, ಮೊನ್ನೆಯ ಹಾಲು, ಪಾದ್ರಿಯಾಗಲು ಬಂದ ಇಪ್ಪತ್ತೆಂಟು ಜನರ ಎಂಜಲೆಲ್ಲ ಈ ಒಂದು ಬಟ್ಟೆಯಲ್ಲೇ ಸೇರಿಕೊಂಡಿದೆ, ಥೂ, ಆದರೂ ಇವನು ಕೈ ಚಾಚಿದ, ಮುಂದೆ ನಿಂತ ಗೆಳೆಯ ಏಣಿ ತಿರುಗದೆಯೇ ತೊಳೆದ ತಟ್ಟೆಯನ್ನು ಹಿಂದಕ್ಕೆ ಹಿಡಿದ, ಇವನು ತೆಗೆದುಕೊಂಡ, ಏಳು ವರ್ಷದಿಂದ ಹೀಗೇ, ಸೆಮಿನರಿಯ ಈ ತೊಟ್ಟಿಯ ಮುಂದೆ ಏಣಿ ತೊಳೆಯುವವನು, ಇವನು ಒರೆಸುವವನು, ಬಾಗಿಲಿಗೆ ತಲೆ ತಾಗುವಷ್ಟು ಉದ್ದ ಬೆಳೆದವನಿಗೆ ಇಟ್ಟ ಹೆಸರು ಏಣಿ, ಇಟ್ಟವನೂ ಇವನೇ. ಇವತ್ತಿಗೆ ಮುಗಿಯಿತು. ಎರಡು ಗಂಟೆಗೆ ಕಾರು, ಏಣಿಯ ಪೆಟ್ಟಿಗೆ ಆಗಲೇ ಗೇಟಿಗೆ ಹೋಗಿದೆ, ಬಿಡಪ್ಪಾ, ಇವತ್ತೊಂದಿನ ನಾನೇ ತೊಳ್ಕೋತೀನಿ ಅಂತ ಅಡುಗೆಯಣ್ಣ ಅಂದರೂ ಕೇಳಲಿಲ್ಲ, ಪಾಳಿ ಅಂದ್ರೆ ಪಾಳಿ ಅಣ್ಣಾ ಅಂದು ತೋಳು ಮಡಚಿಕೊಂಡ. ಮಹಾ ನಿಯತ್ತಿನವನು. ಆ ನಿಯತ್ತು ನೋಡಿದರೇ ಇವನಿಗೆ ಸಿಟ್ಟು, ಇಲ್ಲ, ಸಿಟ್ಟು ಬರುವುದು ಹಾಳೆ ನೆನಪಾಗಿ — ವರ್ಷಕ್ಕೊಮ್ಮೆ ಜೊತೆಯವರ ಬಗ್ಗೆ ಬರೆದುಕೊಡುವ ಆ ಹಾಳೆ, ಪ್ರಾರ್ಥನೆ ಹೇಗೆ, ಓದು ಹೇಗೆ, ಮನಸ್ಸು ಪಕ್ವವಾಗಿದೆಯೇ, ಕೊನೆಗೆ ತಿದ್ದಿಕೊಳ್ಳಬೇಕಾದ್ದು ಏನು, ಖಾಲಿ ಬಿಡಕೂಡದು, ಕೆಳಗೆ ಸಹಿ, ಸೆಮಿನರಿ ನಡೆಸುವ ರೆಕ್ಟರ್ ಫಾದರ್ ಬಿಟ್ಟು ಬೇರೆ ಯಾರೂ ಓದುವುದಿಲ್ಲ. ಏಣಿ ಗೊರಕೆ ಹೊಡೀತಾನೆ ಅಂತ ಬರೆಯಬಹುದಿತ್ತು. ಹಾಡಿದರೆ ಶ್ರುತಿ ಇರೋದಿಲ್ಲ ಅಂತ. ಇವನು ಬರೆದದ್ದು, ಒಬ್ಬನಿಗೇ ಅಂಟಿಕೊಂಡಿದ್ದಾನೆ, ಎಲ್ಲರೊಡನೆ ಬೆರೆಯುವುದಿಲ್ಲ.

ಆ ಒಬ್ಬ ಯಾರು? ಇವನೇ. ಜ್ವರ ಬಂದಾಗ ಮೂರು ದಿನ ಗಂಜಿ ಹೊತ್ತು ತಂದಿದ್ದು ಯಾರಿಗೆ, ಅಪ್ಪ ಸತ್ತ ಸುದ್ದಿ ಬಂದಾಗ ಬಸ್ಸಿನಲ್ಲಿ ಊರ ತನಕ ಪಕ್ಕದಲ್ಲಿ ಕೂತಿದ್ದು ಯಾರ ಜೊತೆ, ಎಲ್ಲ ಇವನಿಗೇ, ಇವನ ಜೊತೆಗೇ. ಆದರೆ ಇಬ್ಬರದೇ ಗೆಳೆತನ ಇಲ್ಲಿ ತಪ್ಪು, ಎಲ್ಲರಿಗೂ ಸೇರಬೇಕಾದವನು ಒಬ್ಬನಿಗೆ ಸೇರಕೂಡದು, ಬೇರೆ ಯಾರಾದರೂ ಇಬ್ಬರ ಹೆಸರನ್ನೂ ಬರೆದುಬಿಟ್ಟರೆ ಅನ್ನೋ ಪುಕ್ಕಲು, ಅಮ್ಮ ಆಗಲೇ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ಬರೋ ವರ್ಷ ನನ್ನ ಮಗ ಪಾದ್ರಿ ಅಂತ — ಅದಕ್ಕೇ ತಾನೇ ಮೊದಲು ಬರೆದ. ಯಾರಿಗೆ ಅಂಟಿಕೊಂಡಿರೋದು ಬ್ರದರ್ ಅಂತ ರೆಕ್ಟರ್ ಫಾದರ್ ಕೇಳಿದಾಗ ಗೊತ್ತಿಲ್ಲ ಫಾದರ್ ಅಂದ, ಅವರು ಬಿಸ್ಕತ್ತು ಚಹಾದಲ್ಲಿ ಅದ್ದುತ್ತಾ, ಮೀಸೆಯಲ್ಲಿ ಪುಡಿ ಮೆತ್ತಿಕೊಂಡು, ಸತ್ಯ ಹೇಳೋಕೂ ಧೈರ್ಯ ಬೇಕು, ನೀವು ಬೆಳೆದಿದೀರಿ ಅಂದರು, ತಟ್ಟೆ ಮುಂದಕ್ಕೆ ತಳ್ಳಿದರು, ಇವನು ಒಂದು ತೆಗೆದುಕೊಂಡ, ತಿಂದ, ಇನ್ನೊಂದನ್ನೂ ತಿಂದ. ನಾಚಿಕೆಗೆಟ್ಟವನು.

ಮತ್ತೊಂದು ತಟ್ಟೆ. ಬೆನ್ನು ತೋರಿಸಿಕೊಂಡೇ ಏಣಿ ಮಾತಾಡುತ್ತಿದ್ದಾನೆ, ಯಾರೋ ಬರೆದಿದಾರೆ ಕಣೋ, ಒಬ್ಬನಿಗೇ ಅಂಟ್ಕೊಂಡಿದೀನಂತೆ, ಆ ಒಬ್ಬ ಯಾರು ಅಂತ ಮೂರು ದಿನ ಕೂರಿಸಿ ಕೇಳಿದ್ರು, ಹೇಳಿದ್ರೆ ಇಬ್ಬರಿಗೂ ಬುದ್ಧಿ ಹೇಳಿ ಬಿಟ್ಟುಬಿಡ್ತೀವಿ ಅಂದ್ರು. ನೀನೇನಂದೆ ಅಂತ ಇವನು ಕೇಳಿದ, ತನ್ನ ದನಿ ತನಗೇ ಅಸಹ್ಯವಾಗುವಷ್ಟು ಮೆತ್ತಗೆ. ಹೇಳ್ಲಿಲ್ಲ. ಬುದ್ಧಿ ಹೇಳ್ತಾರೋ, ನಿನ್ನ ಹೆಸರಿಗೂ ಮಸಿ ಬಳೀತಾರೋ ಯಾರಿಗೆ ಗೊತ್ತು, ನಿಮ್ಮಮ್ಮ ಆಗಲೇ ಬೀದಿಗೆಲ್ಲ ಹೇಳಿಬಿಟ್ಟಿದಾರಲ್ಲ ಮಾರಾಯ. ಬಾಯಿ ಬಿಡದವನು ಪಾದ್ರಿಯಾಗೋಕೆ ಲಾಯಕ್ಕಿಲ್ಲವಂತೆ, ಮನೆಗೆ ಹೋಗು ಅಂದ್ರು, ಹೋಗ್ತಿದೀನಿ. ನಕ್ಕ. ಗೇಟಿನಲ್ಲಿ ಹಾರನ್ ಕೇಳಿತು. ಈಗ ಹೇಳಬೇಕು, ನಾನೇ ಬರೆದದ್ದು ಅಂತ, ಎರಡೇ ಮಾತು, ಫಾದರ್ ಕೋಣೆಗೆ ಇಪ್ಪತ್ತು ಹೆಜ್ಜೆ, ಹೇಳಿದರೆ ಏಣಿ ಉಳಿಯಲೂಬಹುದು, ಹೇಳು, ಹೇಳೋ ದರಿದ್ರದವನೇ — ನಾಲಿಗೆ ಬಿಸ್ಕತ್ತಿನ ಹಿಟ್ಟಿನಂತೆ ಅಂಗುಳಿಗೆ ಮೆತ್ತಿಕೊಂಡಿದೆ. ಬಟ್ಟೆ ನಾರುತ್ತಿದೆ. ಇದೊಂದೇ ಉಳಿದಿದ್ದು, ತಗೋ ಅಂದ ಏಣಿ, ತಿರುಗಿ ನೋಡಲಿಲ್ಲ, ಹಿಂದೆ ಇವನು ಇದ್ದೇ ಇರುತ್ತಾನೆಂದು ಏಳು ವರ್ಷದಿಂದ ಯಾವತ್ತೂ ತಿರುಗಿ ನೋಡಿದವನಲ್ಲ, ಮೊಣಕೈವರೆಗೆ ನೊರೆ, ಬೆರಳುಗಳಲ್ಲಿ ಒದ್ದೆ ತಟ್ಟೆ, ಹಿಂದಕ್ಕೆ ಚಾಚಿದ ಕೈ, ಇವನು ತೆಗೆದುಕೊಳ್ಳುತ್ತಿಲ್ಲ, ತಟ್ಟೆಯಿಂದ ನೀರು ತೊಟ್ಟಿಕ್ಕುತ್ತಿದೆ, ಆ ಕೈ ಹಾಗೇ ಚಾಚಿಕೊಂಡಿದೆ.