ನಾನು ಬರೆದ ಐದನೆಯ ಪ್ರಶ್ನೆ

ಆ ಫಾರ್ಮು ಮಾಡಿದವನು ನಾನೇ. ಮೂವತ್ತೊಂದು ವರ್ಷ ಗುಜರಾತಿನ ಕೊಯಾಲಿ ರಿಫೈನರಿಯ ಸುರಕ್ಷತಾ ವಿಭಾಗದಲ್ಲಿ ಕೂತು ನಿವೃತ್ತನಾದ ಚನ್ನಬಸಪ್ಪನಿಗೆ ಫಾರ್ಮಿಲ್ಲದ ಕೆಲಸ ಕೆಲಸವೇ ಅಲ್ಲ.

ದೀಪಾವಳಿ ಕಳೆದ ಮೇಲೆ ಕೊಯಾಲಿಯ ಹತ್ತಿರದ ಶಾಲೆಯೊಂದರ ಹಾಸ್ಟೆಲು ಮುಚ್ಚಿತು. ಕಟ್ಟಡ ಬಿರುಕು ಬಿಟ್ಟಿತ್ತು. ಶಾಲೆಯೇನೋ ನಡೆಯುತ್ತಿತ್ತು, ಆದರೆ ಹತ್ತನೆಯ ತರಗತಿಯ ಹನ್ನೊಂದು ಹುಡುಗಿಯರಿಗೆ ಮಲಗಲು ಜಾಗವಿರಲಿಲ್ಲ. ಎಲ್ಲರೂ ಛೋಟಾ ಉದೇಪುರದ ಆಚೆಯ ರಾಠ್ವಾ ಆದಿವಾಸಿ ಹಳ್ಳಿಗಳವರು. ದಿನಾ ಬಸ್ಸಿನಲ್ಲಿ ಬಂದು ಹೋಗುವ ದೂರವಲ್ಲ. ಮಾರ್ಚಿನ ಬೋರ್ಡ್ ಪರೀಕ್ಷೆಯವರೆಗೆ ಮನೆಗೊಬ್ಬಳಂತೆ ಇಟ್ಟುಕೊಳ್ಳೋಣ ಎಂದು ಕನ್ನಡ ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದವನೂ ನಾನೇ. ಚಪ್ಪಾಳೆ ಬಿತ್ತು. ಹನ್ನೊಂದು ಮನೆಯವರು ಕೈ ಎತ್ತಿದರು. ನನಗೆ ನನ್ನ ಮೇಲೆಯೇ ಪ್ರೀತಿ ಉಕ್ಕಿತು.

ಹುಡುಗಿಯರಿಗೆ ಗುಜರಾತಿಯಲ್ಲಿ ಫಾರ್ಮು ಹಂಚಿದೆ. ಹೆಸರು, ಊರು, ತಂದೆಯ ಫೋನು, ಕಾಯಿಲೆ ಕಸಾಲೆ. ಐದನೆಯ ಪ್ರಶ್ನೆ: ಮಾಂಸ, ಮೊಟ್ಟೆ ತಿನ್ನುತ್ತೀಯಾ? ನಮ್ಮ ಹನ್ನೊಂದೂ ಮನೆಗಳು ಶುದ್ಧ ಸಸ್ಯಾಹಾರಿ; ಯಾರಿಗೂ ಮುಜುಗರವಾಗಬಾರದಲ್ಲ. ಹತ್ತು ಹುಡುಗಿಯರು ಇಲ್ಲ ಎಂದು ಬರೆದರು. ಊರ್ಮಿಳಾ ಎಂಬ ಒಬ್ಬಳು ಹೌದು ಎಂದು ಬರೆದಳು. ಅವಳಿಗೆಂದು ಗೊತ್ತುಮಾಡಿದ್ದ ಮನೆಯವರು ಹಿಂದೆ ಸರಿದರು. ನಾನು ಇನ್ನೆರಡು ಕಡೆ ಫೋನು ಮಾಡಿ, ಆಮೇಲೆ ಸುಮ್ಮನಾದೆ. ಅವಳು ಟ್ರಂಕು ಹೊತ್ತುಕೊಂಡು ಊರಿಗೆ ಹೋದಳು.

ನಮ್ಮ ಪಾಲಿಗೆ ಬಂದವಳು ನಮಿತಾ. ಒಂದು ತಿಂಗಳಾದ ಮೇಲೆ ನನ್ನ ಹೆಂಡತಿ ವಿಮಲಾ ಚಪಾತಿ ಲಟ್ಟಿಸುತ್ತ, ಊರಿನದು ಏನು ತಿನ್ನಬೇಕು ಅನ್ನಿಸುತ್ತದೆ ಎಂದು ಅವಳನ್ನು ಕೇಳಿದಳು. "ಅಮ್ಮನ ಕೋಳಿ ಸಾರು" ಅಂದವಳೇ ನಾಲಿಗೆ ಕಚ್ಚಿಕೊಂಡಳು. ಆಮೇಲೆ ತಲೆ ತಗ್ಗಿಸಿ ಎಲ್ಲ ಹೇಳಿದಳು. ಹನ್ನೊಂದು ಜನರೂ ತಿನ್ನುವವರೇ. ಪ್ರಶ್ನೆ ನೋಡಿದ ಕೂಡಲೇ ಹತ್ತು ಜನರಿಗೆ ಅರ್ಥವಾಗಿತ್ತು. ಊರ್ಮಿಳಾಗೂ ಹೇಳಿಕೊಟ್ಟಿದ್ದರಂತೆ. ಕೇಳಿದ್ದಕ್ಕೆ ಸುಳ್ಳು ಯಾಕೆ ಬರೆಯಲಿ ಅಂದಳಂತೆ.

ನಾನು ಸಿಟ್ಟು ಮಾಡಲು ಬಾಯಿ ತೆರೆದೆ. ವಿಮಲಾ ಲಟ್ಟಣಿಗೆ ಕೆಳಗಿಟ್ಟಳು.

"ಅಕೀಗೇನು ಅಂತೀರಿ? ಕ್ಯಾಂಟೀನಿನ್ಯಾಗ ಆಮ್ಲೆಟ್ ತಿಂದ್ ಬರ್ತಿದ್ರಿ, ಅಂಗಿ ಒಗಿಯಾಕಿ ನಾನ. ನನಗ ವಾಸನಿ ಬರ್ತಿರಲಿಲ್ಲೇನು? ನಿಮಗ ಯಾರರ ಫಾರ್ಮ್ ಕೊಟ್ಟಿದ್ರೇನ್ರೀ?"

ನನಗೆ ನಮಿತಾಳ ಮುಖ ನೋಡಲಾಗಲಿಲ್ಲ. ಹತ್ತು ಸುಳ್ಳಿಗೆ ಮನೆ ಕೊಟ್ಟು, ಒಂದು ನಿಜಕ್ಕೆ ಬಾಗಿಲು ಹಾಕಿದ್ದೆ. ಊರ್ಮಿಳಾಳ ಒಂದು ತಿಂಗಳ ಓದು ನನ್ನಿಂದ ಹಾಳಾಗಿತ್ತು.

ಮರುದಿನ ಬೆಳಿಗ್ಗೆ ಕಾರು ತೆಗೆದುಕೊಂಡು ಅವಳ ಊರಿಗೆ ಹೋದೆ. ಊರ್ಮಿಳಾ ಅಂಗಳದಲ್ಲಿ ತೊಗರಿಕಾಯಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ವಿಜ್ಞಾನದ ಪುಸ್ತಕ ತೆರೆದಿತ್ತು. ಕರೆದುಕೊಂಡು ಹೋಗಲು ಬಂದಿದ್ದೇನೆ, ನಮ್ಮ ಮನೆಯಲ್ಲೇ ಇರು, ಆ ಪ್ರಶ್ನೆ ಕೇಳಿದ್ದು ನನ್ನ ತಪ್ಪು ಎಂದೆ.

"ನಿಮ್ಮನೇಲಿ ನಾನು ಕೋಳಿ ಕೇಳ್ತಿರಲಿಲ್ಲ ಅಂಕಲ್" ಎಂದಳು ಗುಜರಾತಿಯಲ್ಲಿ. "ತಿಂತೀಯಾ ಅಂತ ಕೇಳಿದ್ರಿ. ತಿಂತೀನಿ ಅಂದೆ."

ಅಷ್ಟರಲ್ಲಿ ಅವಳ ಅಮ್ಮ ಹೊರಬಂದು ತಮ್ಮ ಭಾಷೆಯಲ್ಲಿ ಏನೋ ಅಂದರು. ಊರ್ಮಿಳಾ ನನ್ನ ಕಡೆ ತಿರುಗಿದಳು.

"ಊಟ ಮಾಡಿಕೊಂಡೇ ಹೊರಡಬೇಕಂತೆ. ನೀವು ಮಾಂಸ, ಮೊಟ್ಟೆ ತಿಂತೀರಾ?"

"ಇಲ್ಲ" ಎಂದುಬಿಟ್ಟೆ. ಮೂವತ್ತೊಂದು ವರ್ಷದ ಅಭ್ಯಾಸ, ಯೋಚಿಸುವ ಮೊದಲೇ ಬಾಯಿಂದ ಬಿತ್ತು. ಅವಳು ತಲೆಯಾಡಿಸಿದಳು, ನಂಬಿದಳು. ಅವಳ ಅಮ್ಮ ಹಂಚನ್ನು ಬೂದಿ ಹಾಕಿ ಎರಡು ಸಲ ತಿಕ್ಕಿ ತೊಳೆದರು. ಬಿಸಿಲಿನಲ್ಲಿ ಗುಡ್ಡದ ಆಚೆಯ ಮನೆಗೆ ನಡೆದು ಹೋಗಿ ಸೆರಗಿನಲ್ಲಿ ಬದನೆಕಾಯಿ ತಂದರು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ನಾನು ತಿನ್ನುವವರೆಗೂ ಅವರು ಒಲೆಯ ಮೇಲೆ ಬೇರೇನೂ ಇಡಲಿಲ್ಲ. ನಾಚಿಕೆಯಿಂದ ತಲೆ ಎತ್ತಲಿಲ್ಲ.

ಅವಳ ಟ್ರಂಕು ಕಾರಿನ ಡಿಕ್ಕಿಗೆ ಹೋಯಿತು. ಛೋಟಾ ಉದೇಪುರ ದಾಟಿದೆವು. ಆಮೇಲೆ ತಡೆಯಲಾಗಲಿಲ್ಲ.

"ನಾನು ಸುಳ್ಳು ಹೇಳಿದೆ ಮಗಳೇ. ಮೊಟ್ಟೆ ತಿನ್ನುತ್ತೇನೆ."

ಅವಳು ಪುಸ್ತಕದಿಂದ ತಲೆ ಎತ್ತಿದಳು. ಸಿಟ್ಟಿರಲಿಲ್ಲ.

"ಆಗಲೇ ಹೇಳಬೇಕಿತ್ತು ಅಂಕಲ್" ಎಂದಳು. "ಅಮ್ಮ ಬದನೆಕಾಯಿಗೆ ಅಷ್ಟು ದೂರ ನಡೀತಿರಲಿಲ್ಲ. ಮನೇಲೇ ಮೊಟ್ಟೆ ಇದ್ವು."